ಮುರಿದ ಕೈ, ಅರ್ಧ ಹೊಲಿದ ಕೌದಿ



ಮನೆಯಲ್ಲಿ ಯಾರಾದರೂ ಕೈಯನ್ನೋ ಕಾಲನ್ನೋ ಮುರಿದುಕೊಂಡರೆ, ನೋಡಲು ಬಂದವರೆಲ್ಲ ಹೇಳುವ ಮಾತು ಒಂದೇ: "ಆರು ವಾರ ಸುಮ್ಮನೆ ಕೂತುಬಿಡಿ." ಹೇಳುವವರಿಗೆ ಇದು ಸುಲಭ. ದಿನವಿಡೀ ಕೈಗೆ ಏನಾದರೊಂದು ಕೆಲಸವಿದ್ದವರಿಗೆ ಸುಮ್ಮನೆ ಕೂರುವುದು ನೋವಿಗಿಂತ ದೊಡ್ಡ ಶಿಕ್ಷೆ. ಪೂರ್ತಿಯಾಗಿ ಸುಮ್ಮನೆ ಕೂರುವುದು ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಸರಿಯಲ್ಲ. ಹಾಗೆಂದು ಅವಸರಪಟ್ಟರೂ ಅಪಾಯವೇ. ಈ ಎರಡರ ನಡುವಿನ ದಾರಿಯನ್ನು ನಾನು ಒಂದು ಕೌದಿಯಿಂದ ಕಲಿತೆ. ಆ ಅನುಭವವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಎರಡು ವರ್ಷಗಳ ಹಿಂದೆ, ಶ್ರಾವಣದ ಮಳೆಯಲ್ಲಿ ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ಬೀಳುವಾಗ ಎಲ್ಲರೂ ಮಾಡುವಂತೆ ಅಂಗೈ ಊರಿದೆ. ಬಲಗೈಯ ಮಣಿಕಟ್ಟಿನ ಬಳಿ ಮೂಳೆ ಮುರಿಯಿತು. ಈ ಬಗೆಯ ಮುರಿತಕ್ಕೆ ವೈದ್ಯರು 'ಕಾಲಿಸ್ ಮುರಿತ' ಎನ್ನುತ್ತಾರೆ. ಡಬ್ಲಿನ್ನಿನ ಶಸ್ತ್ರವೈದ್ಯ ಏಬ್ರಹಾಂ ಕಾಲಿಸ್ ಅವರು 1814ರಲ್ಲಿ ಇದನ್ನು ವಿವರಿಸಿದರು. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಒಳಗಿನ ಮೂಳೆಯ ಚಿತ್ರವನ್ನು ಕಾಣದೆಯೇ ಅವರು ಈ ಮುರಿತವನ್ನು ಗುರುತಿಸಿದ್ದರು. ನನ್ನ ಕೈಗೆ ಪ್ಲಾಸ್ಟರ್ ಹಾಕಿದ ವೈದ್ಯರು ಆರು ವಾರದ ಗಡುವು ಕೊಟ್ಟರು.

ಆ ಆರು ವಾರ ನನಗೆ ಭಾರವೆನಿಸಲು ಇನ್ನೊಂದು ಕಾರಣವಿತ್ತು. ಅಕ್ಕನ ಮಗಳು ಬಸುರಿಯಾಗಿದ್ದಳು. ದೀಪಾವಳಿಯ ಹೊತ್ತಿಗೆ ಹೆರಿಗೆ. ನಮ್ಮ ಧಾರವಾಡದ ಕಡೆ ಕೂಸಿಗೆ ಹಾಸಲು ಮನೆಯ ಹಿರಿಯರ ಹಳೆ ಸೀರೆ, ಧೋತರಗಳಿಂದ ಕೌದಿ ಹೊಲಿಯುವ ರೂಢಿಯಿದೆ. ಎಷ್ಟೋ ಸಲ ಒಗೆದು ಮೆತ್ತಗಾದ ಅರಿವೆ ಕೂಸಿನ ಮೈಗೆ ಹಿತ. ಅವ್ವ ಆ ಕೌದಿಯನ್ನು ಅರ್ಧ ಹೊಲಿದಿದ್ದಳು. ಆಮೇಲೆ ಗ್ಲಾಕೋಮಾದಿಂದ ಅವಳ ದೃಷ್ಟಿ ತೀರ ಮಂದವಾಯಿತು. ಉಳಿದ ಅರ್ಧವನ್ನು ಮುಗಿಸುವುದು ನನ್ನ ಪಾಲಿಗೆ ಬಂದಿತ್ತು. ಆಗಲೇ ನನ್ನ ಬಲಗೈ ಮುರಿದಿತ್ತು.

ಕೌದಿಯನ್ನು ಕಾಣದವರಿಗಾಗಿ ಒಂದೆರಡು ಮಾತು. ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಸೂಜಿ ಮೇಲೆ ಕೆಳಗೆ ಹೋಗಿಬರುವ ಸಾದಾ ಹೊಲಿಗೆಯನ್ನು ಸಾಲುಸಾಲಾಗಿ ಹಾಕುತ್ತಾರೆ. ಯಂತ್ರ ಬೇಕಿಲ್ಲ, ಹತ್ತಿಯನ್ನೂ ತುಂಬುವುದಿಲ್ಲ. ಪದರಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುತ್ತದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ ಇದೇ ಬಳಗದವು. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಜನರ ಹೆಂಗಸರು ಹೊಲಿಯುವ ಕವಂದಿಯೂ ಹಾಗೆಯೇ. ಅವರು ಒಂದು ಮೂಲೆಯಿಂದ ತೊಡಗಿ ಅಂಚಿನ ಸುತ್ತ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮುಗಿದ ಮೇಲೆ ಮೂಲೆಗಳಲ್ಲಿ ಮಡಿಸಿದ ತುಂಡುಗಳ 'ಫೂಲ' ಇಡುತ್ತಾರೆ. ಅದಿಲ್ಲದೆ ಕವಂದಿ ಪೂರ್ತಿಯಾಗದು.

ಇನ್ನು ಮೂಳೆಯ ವಿಷಯ. ಮೂಳೆ ಮುರಿದಾಗ ಮೊದಲು ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಎರಡು ಮೂರು ವಾರಗಳಲ್ಲಿ ಅದರ ಜಾಗದಲ್ಲಿ ಮೃದ್ವಸ್ಥಿಯ ಮೆತ್ತನೆಯ ಬೆಸುಗೆ ಮೂಡುತ್ತದೆ. ಮುಂದೆ ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಆಮೇಲೂ ತಿಂಗಳುಗಟ್ಟಲೆ ಮೂಳೆ ತನ್ನ ಆಕಾರವನ್ನು ತಿದ್ದಿಕೊಳ್ಳುತ್ತಲೇ ಇರುತ್ತದೆ. ಮೊದಲು ಉದ್ದುದ್ದ ಟಾಕಿ ಹಾಕಿ ಪದರಗಳನ್ನು ನಿಲ್ಲಿಸಿಕೊಂಡು, ಆಮೇಲೆ ಸಣ್ಣ ಹೊಲಿಗೆ ಹಾಕಿ, ಕೊನೆಗೆ ಟಾಕಿ ಬಿಚ್ಚುವಂತೆ ಎಂದರೆ ಹೊಲಿಯುವವರಿಗೆ ಬೇಗ ಅರ್ಥವಾದೀತು. ಟಾಕಿಯ ಹಂತದಲ್ಲಿ ಜಗ್ಗಿದರೆ ಪದರ ಸರಿಯುತ್ತದೆ. ಮೂಳೆಯೂ ಅಷ್ಟೇ. ಆದರೆ ಪ್ಲಾಸ್ಟರಿನ ಹೊರಗಿರುವ ಬೆರಳು, ಮೊಣಕೈ, ಭುಜಗಳನ್ನು ಅಲ್ಲಾಡಿಸದಿದ್ದರೆ ಅವು ಬಿಗಿದುಕೊಳ್ಳುತ್ತವೆ, ಸ್ನಾಯುಗಳು ಸೊರಗುತ್ತವೆ. ಆದ್ದರಿಂದಲೇ ವೈದ್ಯರು ಮೊದಲ ದಿನದಿಂದಲೇ ಬೆರಳಾಡಿಸಲು ಹೇಳುವುದು.

ಮೊದಲ ವಾರ ನಾನು ಕೌದಿಯ ಗಂಟನ್ನು ನೋಡಿ ನಿಟ್ಟುಸಿರು ಬಿಡುವುದನ್ನಲ್ಲದೆ ಬೇರೇನೂ ಮಾಡಲಿಲ್ಲ. ಅದನ್ನು ಕೇಳಿ ಕೇಳಿ ಬೇಸತ್ತ ಅವ್ವ ಒಂದು ದಿನ ಹೇಳಿದಳು: "ನನ್ನ ಕಣ್ಣು ಹೋಗ್ಯಾವ, ನಿನ್ನ ಕೈ ಹೋಗೇತಿ. ಇಬ್ರೂ ಕೂಡಿದ್ರ ಒಬ್ಬಾಕಿ ಆಗ್ತೀವಿ, ಬಾ."

ಹಾಗೆ ಕೆಲಸ ಶುರುವಾಯಿತು. ಸ್ನಾನದ ಸೋಪಿನ ತುಂಡಿಗೆ ಸೂಜಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದರೆ ಎಡಗೈ ಒಂದರಿಂದಲೇ ದಾರ ಪೋಣಿಸಬಹುದು. ಮೊದಲ ದಿನ ಇದಕ್ಕೆ ಕಾಲು ಗಂಟೆ ಹಿಡಿಯಿತು. ವಾರದ ಕೊನೆಗೆ ಎರಡು ನಿಮಿಷ ಸಾಕಾಯಿತು. ಬಟ್ಟೆ ಸರಿಯದಂತೆ ಮೇಲೆ ಒಂದು ದಪ್ಪ ಪುಸ್ತಕ ಇಡುತ್ತಿದ್ದೆ. ಬಣ್ಣ ಹೊಂದಿಸುವುದು, ತುಂಡುಗಳನ್ನು ಎಡಗೈಯಿಂದ ಜೋಡಿಸುವುದು ನನ್ನ ಪಾಲು. ಅವ್ವ ಹಿಂದಿನ ಸಾಲನ್ನು ಬೆರಳಿನಿಂದ ತಡವಿ, ಅದರ ಜಾಡಿನಲ್ಲೇ ಸೂಜಿ ನಡೆಸುವಳು. ಸಾಲು ದಾರಿ ತಪ್ಪಿದರೆ "ಸ್ವಲ್ಪ ಬಲಕ್ಕವ್ವ" ಎನ್ನುವುದು ನನ್ನ ಕೆಲಸ. ದಿನಕ್ಕೆ ನಾಲ್ಕು ಸಾಲು ಸಾಗಿದರೆ ಹೆಚ್ಚು.

ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಿಬಿಡಬೇಕು. ನಾಲ್ಕನೆಯ ವಾರದಲ್ಲಿ ನೋವು ಪೂರ್ತಿ ನಿಂತಿತ್ತು. ನೋವಿಲ್ಲವೆಂದರೆ ಗುಣವಾಯಿತೆಂದು ತಿಳಿದು, ಪ್ಲಾಸ್ಟರಿನಿಂದ ಹೊರಬಂದ ಬೆರಳುಗಳಲ್ಲೇ ಕತ್ತರಿ ಹಿಡಿದು ದಪ್ಪನೆಯ ಧೋತರ ಕತ್ತರಿಸಿದೆ. ರಾತ್ರಿ ಬೆರಳು ಬಾತವು. ಬಳೆ ತೊಡಿಸಿದಂತೆ ಪ್ಲಾಸ್ಟರ್ ಬಿಗಿಯಿತು. ಬೆಳಗಿನವರೆಗೂ ನಿದ್ದೆಯಿಲ್ಲ. ಇನ್ನೆಂದೂ ಸೂಜಿ ಹಿಡಿಯಲಾರೆನೇನೋ ಎಂಬ ಹೆದರಿಕೆ ಅಂದು ಮೊದಲ ಬಾರಿಗೆ ನನ್ನನ್ನು ಕಾಡಿತು. ಮರುದಿನ ವೈದ್ಯರು ಎಕ್ಸ್‌ರೇ ನೋಡಿ, ಮೂಳೆ ಸರಿದಿಲ್ಲವೆಂದು ಹೇಳಿ, "ಬೆರಳಾಡಿಸಿ ಅಂದಿದ್ದೆ, ಬಟ್ಟೆ ಕತ್ತರಿಸಿ ಅಂದಿರಲಿಲ್ಲ" ಎಂದು ಗದರಿದರು. ವಿಜ್ಞಾನ ಓದಿದವಳೆಂಬ ನನ್ನ ಜಂಬ ಅಲ್ಲಿಗೆ ಇಳಿಯಿತು. ಓದುಗರೇ, ಪ್ಲಾಸ್ಟರಿನ ಕೆಳಗೆ ನೋವು ಏರುತ್ತಲೇ ಹೋದರೆ, ಬೆರಳು ಮರಗಟ್ಟಿದರೆ, ನೀಲಿಯಾಗಲಿ ಬಿಳಿಚಾಗಲಿ ಆದರೆ, ಬೆಳಗಿನವರೆಗೂ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ನಾನು ಕಾದದ್ದು ತಪ್ಪು.

ಕೈಕೆಲಸದಿಂದ ಚೇತರಿಕೆ ಎಂಬುದು ಹೊಸ ವಿಚಾರವಲ್ಲ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ಲಿನಲ್ಲಿ ಒಂದು ಕಸೂತಿಯ ವಸ್ತ್ರವಿದೆ. ಅದು ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ 138 ಸೈನಿಕರು ಚೇತರಿಸಿಕೊಳ್ಳುತ್ತಾ ಮಾಡಿದ ಕಸೂತಿ. 1919ರಲ್ಲಿ ಅಲ್ಲಿ ನಡೆದ ಕೃತಜ್ಞತಾ ಪ್ರಾರ್ಥನೆಯಲ್ಲಿ ಅದನ್ನು ಬಳಸಲಾಯಿತು. ಬಂದೂಕು ಹಿಡಿದ ಕೈಗಳು ಸೂಜಿ ಹಿಡಿಯಲು ನಾಚಲಿಲ್ಲ. ಇಂಥ ಪ್ರಯೋಗಗಳಿಗೆ ಶಾಸ್ತ್ರದ ರೂಪ ಬಂದು 'ಆಕ್ಯುಪೇಷನಲ್ ಥೆರಪಿ' ಬೆಳೆಯಿತು. ನಮ್ಮ ದೇಶದಲ್ಲಿ ಅದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯಲ್ಲಿ ತೆರೆದವರು ಕಮಲಾ ನಿಂಬಕರ್. ಇನ್ನೊಂದು ಸ್ವಾರಸ್ಯವೂ ಉಂಟು. ಒಂದು ಕೈಗೆ ವ್ಯಾಯಾಮ ಕೊಟ್ಟರೆ ಇನ್ನೊಂದು ಕೈಗೂ ತುಸು ಬಲ ಬರುತ್ತದೆಂದು 1894ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗದಿಂದ ಕಂಡುಕೊಂಡಿದ್ದರು. ಆದ್ದರಿಂದ ಎಡಗೈಯ ಕೆಲಸ ಬಲಗೈಗೆ ನಷ್ಟವಲ್ಲ.

ಪ್ಲಾಸ್ಟರ್ ತೆಗೆದ ದಿನ ನನ್ನ ಕೈಯನ್ನು ನಾನೇ ಗುರುತಿಸಲಿಲ್ಲ. ಚರ್ಮ ಸಿಪ್ಪೆ ಏಳುತ್ತಿತ್ತು, ಮುಂಗೈ ಸಣಕಲಾಗಿತ್ತು, ಅಂಗೈ ಮೇಲೆ ಮಾಡಿ ಪ್ರಸಾದ ತೆಗೆದುಕೊಳ್ಳಲೂ ಆಗುತ್ತಿರಲಿಲ್ಲ. ನಿಜವಾದ ಕೆಲಸ ಶುರುವಾಗುವುದು ಆಗಲೇ. ಫಿಸಿಯೋಥೆರಪಿಯವರು ಹೇಳಿದಂತೆ ಬಿಸಿನೀರಿನಲ್ಲಿ ಕೈ ಅದ್ದಿ ಸ್ಪಂಜು ಹಿಂಡುವುದು, ಅಂಗೈಯನ್ನು ನಿಧಾನವಾಗಿ ಮೇಲೆ ಕೆಳಗೆ ತಿರುಗಿಸುವುದು. ಅವರ ಒಪ್ಪಿಗೆ ಪಡೆದ ಮೇಲೆ ಸೂಜಿ ಹಿಡಿದೆ. ಮೊದಲ ದಿನ ಎರಡೇ ಪದರದ ತೆಳು ಬಟ್ಟೆಯಲ್ಲಿ ಹತ್ತು ಹೊಲಿಗೆ. ಮರುದಿನ ಹನ್ನೆರಡು. ಹತ್ತು ನಿಮಿಷ ಹೊಲಿದು ವಿಶ್ರಾಂತಿ. ಕೆಲಸದ ನಂತರದ ನೋವು ಸ್ವಲ್ಪ ಹೊತ್ತಿಗೇ ಇಳಿದರೆ ಸರಿ. ಮರುದಿನ ಬೆಳಿಗ್ಗೆಯೂ ಬಾವು ಉಳಿದರೆ ಅಂದು ಅರ್ಧ ಕೆಲಸ. ಇದೇ ನಾನು ಇಟ್ಟುಕೊಂಡ ಲೆಕ್ಕ. ನಿಮ್ಮ ಲೆಕ್ಕವನ್ನು ನಿಮ್ಮ ವೈದ್ಯರಿಂದ ಕೇಳಿಕೊಳ್ಳಿ.

ಎಲ್ಲರೂ ಹೊಲಿಯಬೇಕೆಂದು ನಾನು ಹೇಳುತ್ತಿಲ್ಲ. ಕಾಲು ಮುರಿದವರಿಗೆ ಕೈಗಳಿವೆ. ಹೂ ಕಟ್ಟಬಹುದು, ಕಸೂತಿ ಹಾಕಬಹುದು. ಬಲಗೈ ಮುರಿದವರು ಎಡಗೈಯಲ್ಲಿ ಪದಬಂಧ ತುಂಬಿಸಬಹುದು, ಅಕ್ಷರ ಸೊಟ್ಟಗಾದರೆ ಆಗಲಿ. ಕುಂಡದಲ್ಲಿ ಕೊತ್ತಂಬರಿ ಬಿತ್ತಿ ದಿನವೂ ನೀರು ಹಾಕಬಹುದು. ಮುಖ್ಯವಾದದ್ದು ಇಷ್ಟೇ: ಮೊದಲಿನ ಹವ್ಯಾಸವನ್ನು ಪೂರ್ತಿ ಬಿಡದೆ, ಅದರಲ್ಲಿ ಇಂದು ಸಾಧ್ಯವಾಗುವ ಚಿಕ್ಕ ಭಾಗವನ್ನು ಹುಡುಕಿಕೊಳ್ಳುವುದು. ಹೊಲಿಯಲಾಗದಿದ್ದರೆ ಬಣ್ಣ ಹೊಂದಿಸುವುದು. ಅದೂ ಆಗದ ದಿನ ಹೊಲಿಯುವವರ ಪಕ್ಕದಲ್ಲಿ ಕೂರುವುದು. ಮನೆಯವರಿಗೂ ಒಂದು ಮಾತು. ಪೆಟ್ಟು ಬಿದ್ದವರ ಎಲ್ಲ ಕೆಲಸವನ್ನೂ ಪ್ರೀತಿಯಿಂದ ಕಸಿದುಕೊಳ್ಳಬೇಡಿ. ಅವರಿಂದಾಗುವ ಒಂದು ಕೆಲಸವನ್ನು ಅವರಿಗೇ ಬಿಡಿ.

ಕೂಸು ದೀಪಾವಳಿಗೆ ನಾಲ್ಕು ದಿನ ಮೊದಲೇ ಬಂದಿತು. ಕೌದಿಯ ಒಂದು ಅಂಚು ಇನ್ನೂ ಬಾಕಿಯಿತ್ತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವ ಹಿಂದಿನ ರಾತ್ರಿ ಮುಗಿಸಿದೆವು. ನನ್ನ ಮೊದಲ ಸಾಲುಗಳು ಅಂಕುಡೊಂಕಾಗಿದ್ದವು. ಅವನ್ನು ಬಿಚ್ಚಿ ಮತ್ತೆ ಹೊಲಿಯೋಣವೆಂದು ಸೂಜಿ ಕೈಗೆತ್ತಿಕೊಂಡೆ. ಅವ್ವ ಬೆರಳಿನಿಂದ ಆ ಸಾಲುಗಳನ್ನು ತಡವಿ ನೋಡಿದಳು.

"ಇಲ್ಲಿ ನಿನ್ನ ಕೈ ಆಗಷ್ಟ ಕೂಡಿತ್ತಲ್ಲ? ಗೊತ್ತಾಗತೈತಿ," ಎಂದಳು. "ಬಿಚ್ಚಬ್ಯಾಡ. ಕೂಸಿಗೇನೂ ಚುಚ್ಚೂದಿಲ್ಲ."

ಆ ಸಾಲುಗಳು ಹಾಗೆಯೇ ಇವೆ. ಈಗ ಕೂಸು ಓಡಾಡುತ್ತಾಳೆ, ಕೌದಿಯನ್ನು ಎಳೆದುಕೊಂಡೇ ಓಡಾಡುತ್ತಾಳೆ. ನಿಮ್ಮಲ್ಲಿ ಯಾರಾದರೂ ಇಂದು ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಇದನ್ನು ಓದುತ್ತಿದ್ದರೆ, ಈ ಪುಟವನ್ನು ಮಡಿಸಿಟ್ಟು ಒಮ್ಮೆ ಬೆರಳಾಡಿಸಿರಿ.