ಕಬ್ಬಿನ ಸಾಗಾಟ ಮತ್ತು ರಸ್ತೆಯ ಸುರಕ್ಷತೆ

(ಹಂಗಾಮಿನ ಪೂರ್ವಭಾವಿ ಸಭೆಯಲ್ಲಿ ಕಾರಖಾನೆಯ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ)



ಬೀಜ, ಗೊಬ್ಬರ, ನೀರು ಇವು ನನ್ನ ಎಂದಿನ ವಿಷಯಗಳು. ಇಂದಿನ ಮಾತು ಕಬ್ಬು ಹೊಲದ ಬದು ದಾಟಿದ ಮೇಲಿನದು. ಕಾರಖಾನೆಯ ದಾರಿಯಲ್ಲಿ ಒಂದು ಜೀವ ಹೋದರೆ, ಎಕರೆಗೆ ಎಷ್ಟು ಟನ್ ಬೆಳೆದರೂ ಆ ನಷ್ಟ ತುಂಬಿ ಬರುವುದಿಲ್ಲ.

ಮೊದಲು ಅಂಕಿ-ಸಂಖ್ಯೆಗಳನ್ನು ನೋಡೋಣ. ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು. 1,68,491 ಜನ ಮೃತಪಟ್ಟರು. ಅಂದರೆ ದಿನಕ್ಕೆ ಸುಮಾರು 462 ಸಾವು. ಒಂದು ಚಿಕ್ಕ ವಸ್ತಿಯ ಜನರೆಲ್ಲ ದಿನಾಲು ಹೋದಂತೆ. ಮಹಾರಾಷ್ಟ್ರದಲ್ಲಿ ಆ ವರ್ಷ ಸತ್ತವರು 15,224. ದೇಶದ ಸಾವುಗಳಲ್ಲಿ ಸುಮಾರು ಶೇಕಡಾ 68 ಗ್ರಾಮೀಣ ಭಾಗದಲ್ಲಿ ಸಂಭವಿಸಿದವು. ಶೇಕಡಾ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದವರು. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45 ವಯಸ್ಸಿನವರು, ಅಂದರೆ ಮನೆಯ ನೇಗಿಲು ಹಿಡಿಯುವವರು.

ಇದರ ಖರ್ಚು ಯಾರ ಮೇಲೆ ಬೀಳುತ್ತದೆ? ವಿಶ್ವ ಬ್ಯಾಂಕಿನ 2021ರ ವರದಿ ಹೇಳುವಂತೆ, ಅಪಘಾತಕ್ಕೆ ಸಿಕ್ಕ ಬಡ ಕುಟುಂಬದ ನಷ್ಟ ಅದರ ಏಳು ತಿಂಗಳ ಆದಾಯಕ್ಕಿಂತ ಹೆಚ್ಚು. ಶ್ರೀಮಂತ ಕುಟುಂಬಕ್ಕೆ ಒಂದು ತಿಂಗಳದ್ದೂ ಅಲ್ಲ. ಆಸ್ಪತ್ರೆಗೆ ಸಾಲ, ಸಾಲಕ್ಕೆ ಹೊಲ, ಶಾಲೆ ಬಿಟ್ಟ ಮಗ, ಹೊಲದ ಜೊತೆಗೆ ಹಾಸಿಗೆ ಹಿಡಿದ ಗಂಡನನ್ನೂ ನೋಡಿಕೊಳ್ಳುವ ಹೆಂಗಸು. ಇವು ಯಾವ ತಃಖ್ತೆಯಲ್ಲಿಯೂ ಬರುವುದಿಲ್ಲ.

ಸರಕಾರ ಸುಮ್ಮನೆ ಕುಳಿತಿಲ್ಲ. 2010ರಲ್ಲಿ ರಾಷ್ಟ್ರೀಯ ರಸ್ತೆ ಸುರಕ್ಷತಾ ನೀತಿ ಬಂತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಯಿತು. 2030ರೊಳಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿಯಿದೆ. ರಾಷ್ಟ್ರೀಯ ಹೆದ್ದಾರಿಯ 500 ಮೀಟರ್ ಉದ್ದದ ಒಂದು ಜಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾದರೆ, ಇಲ್ಲವೆ 10 ಸಾವುಗಳಾದರೆ, ಅದನ್ನು ಅಪಾಯದ ಸ್ಥಳವೆಂದು ಗುರುತಿಸಿ ದುರಸ್ತಿ ಮಾಡುತ್ತಾರೆ.

ಆದರೆ ಬಂಧುಗಳೇ, ಇಲ್ಲಿಯೇ ನಮ್ಮ ಪ್ರಶ್ನೆ ಇದೆ. ತಿರುವನ್ನು ಸರಕಾರ ಸರಿಪಡಿಸಬಲ್ಲದು. ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರ್ ಮಾತ್ರ ಚಲಿಸುವ ಅಪಾಯದ ಸ್ಥಳ. ಇಂದು ಸೋಲಾಪುರ–ವಿಜಯಪುರ ಹೆದ್ದಾರಿಯಲ್ಲಿ, ನಾಳೆ ಅಕ್ಕಲಕೋಟೆ ರಸ್ತೆಯಲ್ಲಿ. ಅದು ಯಾವ ನಕ್ಷೆಗೂ ಸಿಗದು.

ಲೆಕ್ಕ ಹಾಕಿ ನೋಡಿರಿ. ತಾಸಿಗೆ 60 ಕಿಲೋಮೀಟರ್ ವೇಗದ ಮೋಟಾರ್ ಸೈಕಲ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಅಡ್ಡಿ ಕಂಡು ಬ್ರೇಕ್ ಒತ್ತುವಷ್ಟರಲ್ಲಿ 25 ಮೀಟರ್, ನಿಲ್ಲುವಷ್ಟರಲ್ಲಿ ಮತ್ತೆ 20ಕ್ಕೂ ಹೆಚ್ಚು ಮೀಟರ್ ಬೇಕು. ಡಿಪ್ ಮಾಡಿದ ಬೆಳಕಿನಲ್ಲಿ ಕಪ್ಪು ಟ್ರೇಲರ್ ಕಾಣುವುದು ಸುಮಾರು 40 ಮೀಟರ್ ದೂರದಿಂದ. ಸವಾರ ಎಷ್ಟೇ ಜಾಣನಿದ್ದರೂ ಹಾದಿ ಸಾಲದು. ಅದೇ ರಿಫ್ಲೆಕ್ಟರ್ ಇದ್ದರೆ ನೂರು ಮೀಟರಿಗೂ ಹೆಚ್ಚು ದೂರದಿಂದ ಕಾಣುತ್ತದೆ.

ಆದ್ದರಿಂದ ಈ ಹಂಗಾಮಿನಲ್ಲಿ ಕೆಳಗಿನವನ್ನು ತಪ್ಪದೆ ಪಾಲಿಸಬೇಕು:

1. ಪ್ರತಿ ಟ್ರೇಲರಿನ, ಎತ್ತಿನ ಗಾಡಿಯ ಹಿಂದೆ ಕೆಂಪು, ಬದಿಗೆ ಹಳದಿ ರಿಫ್ಲೆಕ್ಟರ್ ಪಟ್ಟಿ ಅಂಟಿಸಬೇಕು. ಕೆಸರು ಮೆತ್ತಿದರೆ ಒರೆಸಬೇಕು. ಜೋತ ಕಬ್ಬು ಅದನ್ನು ಮುಚ್ಚದಿರಲು ಹೇರಿನ ಮೇಲೆಯೂ ರಿಫ್ಲೆಕ್ಟರ್ ಬಟ್ಟೆ ಕಟ್ಟಬೇಕು.

2. ಸಾಗಾಟದ ಹಣ ಟನ್ನಿನ ಮೇಲೆ ಬರುತ್ತದೆಂದು ಮಿತಿ ಮೀರಿ ಹೇರಬಾರದು. ಭಾರ ಹೆಚ್ಚಿದಂತೆ ಬ್ರೇಕಿನ ಬಲ ಸಾಲದಾಗುತ್ತದೆ.

3. ಗಾಡಿ ಕೆಟ್ಟರೆ ರಸ್ತೆಯಿಂದ ಕೆಳಗಿಳಿಸಬೇಕು. ಗಾಲಿಗೆ ಇಟ್ಟ ಕಲ್ಲುಗಳನ್ನು ಹೊರಡುವಾಗ ತೆಗೆಯಲೇಬೇಕು.

4. ಟ್ರ್ಯಾಕ್ಟರಿನ ಜೊತೆಗೆ ಟ್ರೇಲರಿನ ನೋಂದಣಿ ಮತ್ತು ವಿಮೆಯನ್ನೂ ಮಾಡಿಸಿರಬೇಕು.

5. ಗಾಯಗೊಂಡವರನ್ನು ಕಂಡರೆ 108ಕ್ಕೆ ಫೋನು ಮಾಡಿರಿ. ನೆರವಾದವರನ್ನು ಕಾಯ್ದೆಯ 134ಎ ಕಲಮು ರಕ್ಷಿಸುತ್ತದೆ. ಮೇ 2025ರ ಕೇಂದ್ರ ಯೋಜನೆಯಂತೆ ಗಾಯಾಳುವಿಗೆ ನೇಮಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಯುಂಟು.

ಗಾಡಿ ಕಂತ್ರಾಟದಾರನದು, ನಮಗೇನು ಎನ್ನಬೇಡಿರಿ. ಅದರಲ್ಲಿರುವುದು ನಿಮ್ಮ ಕಬ್ಬು. ಎದುರಿಗೆ ಬರುವವನು ನಿಮ್ಮ ಊರಿನ ಹುಡುಗ. ಹಿಂದೆ ಪಟ್ಟಿಯಿಲ್ಲದ ಗಾಡಿಯನ್ನು ಹೊಲದಿಂದ ಹೊರಬಿಡದಿರಿ. ಇದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ.