ಹಿಮದ ಮೇಲೆ ಒಂದು ಪರೀಕ್ಷೆ

ಮಂಜುಗಡ್ಡೆ ಎಂದರೆ ನಮ್ಮ ಕಡೆಯವರಿಗೆ ಪಾನಕದ ಲೋಟದಲ್ಲಿ ತೇಲುವ ವಸ್ತು. ಹೆಚ್ಚೆಂದರೆ ಶಾಲೆಯ ಗೇಟಿನ ಬಳಿ ಮಾರಾಟವಾಗುವ ಐಸ್‌ಕ್ಯಾಂಡಿ. ಅದರ ಮೇಲೆ ಮನುಷ್ಯರು ನರ್ತಿಸುತ್ತಾರೆ, ಆ ನರ್ತನಕ್ಕೆ ಶಾಸ್ತ್ರವಿದೆ, ಸಂಪ್ರದಾಯವಿದೆ, ಪರೀಕ್ಷೆಗಳಿವೆ ಎಂದರೆ ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನೇ ಒಂದು ಕಾಲದಲ್ಲಿ ನಂಬುತ್ತಿರಲಿಲ್ಲ. ಮದುವೆಯಾಗಿ ಅಮೆರಿಕದ ಈಶಾನ್ಯ ಭಾಗದಲ್ಲಿ ನೆಲೆಸಿ ಇಪ್ಪತ್ತು ವರ್ಷ ಕಳೆದ ಮೇಲೆ, ನನ್ನ ನಲವತ್ತಾರನೆಯ ವಯಸ್ಸಿನಲ್ಲಿ, ಈ ವಿದ್ಯೆಗೆ ಕಾಲಿಟ್ಟೆ. ಐವತ್ತೆರಡನೆಯ ವಯಸ್ಸಿನಲ್ಲಿ, 2019ರ ಬೇಸಿಗೆಯಲ್ಲಿ, ಲೇಕ್ ಪ್ಲಾಸಿಡ್ ಎಂಬ ಊರಿನಲ್ಲಿ ನಡೆಯುವ ದೊಡ್ಡ ಐಸ್ ಡ್ಯಾನ್ಸ್ ಸ್ಪರ್ಧೆಯಲ್ಲಿ ಭಾಗವಹಿಸಿದೆ. ಆ ಅನುಭವವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದು ಗೆದ್ದವರ ಕಥೆಯಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಕೇಳುಗರು ಕೊನೆಯಲ್ಲಿ ಪದಕ ಬರುವುದೆಂದು ಕಾಯಬೇಕಾಗಿಲ್ಲ.

ಹಿಮದ ಮೇಲಿನ ಸ್ಕೇಟಿಂಗ್‌ನಲ್ಲಿ ಹಲವು ಬಗೆಗಳಿವೆ. ಗಾಳಿಯಲ್ಲಿ ಮೂರು ನಾಲ್ಕು ಸುತ್ತು ಸುತ್ತಿ ಇಳಿಯುವ ಜಿಗಿತಗಳನ್ನು ದೂರದರ್ಶನದಲ್ಲಿ ನೀವೂ ನೋಡಿರಬಹುದು. ಐಸ್ ಡ್ಯಾನ್ಸಿನಲ್ಲಿ ಅಂಥ ಜಿಗಿತಗಳಿಗೆ ಎಡೆಯಿಲ್ಲ. ಇಲ್ಲಿ ಪ್ರಧಾನವಾದದ್ದು ಹೆಜ್ಜೆ, ತಾಳ ಮತ್ತು ಅಲಗಿನ ಅಂಚು. ಸ್ಕೇಟಿನ ಅಲಗು ಸುಮಾರು 4 ಮಿಲಿಮೀಟರ್ ದಪ್ಪವಿರುತ್ತದೆ; ಅದರ ನಡುವೆ ಉದ್ದಕ್ಕೂ ತೋಡಿದ ಸಣ್ಣ ಹಳ್ಳ; ಹಳ್ಳದ ಎರಡು ಕಡೆಗೂ ಒಂದೊಂದು ಅಂಚು. ಒಳ ಅಂಚು, ಹೊರ ಅಂಚು. ನೆಟ್ಟಗೆ ನಿಂತರೆ ಎರಡು ಅಂಚುಗಳೂ ಹಿಮವನ್ನು ಮುಟ್ಟುತ್ತವೆ, ಗೆರೆ ನೇರವಾಗಿ ಸಾಗುತ್ತದೆ. ಮೈಯನ್ನು ಒಂದು ಕಡೆಗೆ ಓರೆಯಾಗಿಸಿದರೆ ಒಂದೇ ಅಂಚಿನ ಮೇಲೆ ಭಾರ ಬಿದ್ದು ಗೆರೆ ಬಾಗುತ್ತದೆ. ಓರೆ ಹೆಚ್ಚಾದಷ್ಟೂ ಬಾಗು ಆಳವಾಗುತ್ತದೆ. ಇಷ್ಟೇ ಇದರ ಮೂಲಸೂತ್ರ. ಆದರೆ ಹೊರ ಅಂಚಿನ ಮೇಲೆ ಓರೆಯಾಗುವುದೆಂದರೆ, ಇನ್ನೇನು ಬಿದ್ದೇಬಿಡುತ್ತೇನೆ ಎಂದು ಮನಸ್ಸು ಕೂಗುವ ಕಡೆಗೇ ಮೈಯನ್ನು ಒಪ್ಪಿಸಿಬಿಡುವುದು. ಏಳು ವರ್ಷದ ಮಗುವಿಗೆ ಇದು ಆಟ. ನಲವತ್ತಾರು ವರ್ಷದವಳಿಗೆ ಇದು ಸ್ವಭಾವಕ್ಕೇ ವಿರುದ್ಧವಾದ ಕೆಲಸ.

ಈ ವಿದ್ಯೆಯಲ್ಲಿ ತಲೆತಲಾಂತರದಿಂದ ಬಂದ ನಿಗದಿತ ನಾಟ್ಯಗಳಿವೆ. ಯಾವ ಹೆಜ್ಜೆ, ಯಾವ ಕಾಲು, ಯಾವ ಅಂಚು, ಎಷ್ಟು ಎಣಿಕೆ, ಅಂಗಣದ ಯಾವ ಮೂಲೆ, ಎಲ್ಲವೂ ಗೊತ್ತುಪಡಿಸಿದ್ದು. ಫೋರ್ಟೀನ್‌ಸ್ಟೆಪ್ ಎಂಬ ಹದಿನಾಲ್ಕು ಹೆಜ್ಜೆಯ ನಾಟ್ಯವನ್ನು ವಿಯೆನ್ನಾದ ಫ್ರಾನ್ಜ್ ಷೋಲರ್ 1889ರಲ್ಲಿ ರಚಿಸಿದ. ಆಗ ಅದಕ್ಕಿದ್ದದ್ದು ಹತ್ತೇ ಹೆಜ್ಜೆ, ಉಳಿದ ನಾಲ್ಕು ಅನಂತರ ಸೇರಿದವು. ಯುರೋಪಿಯನ್ ವಾಲ್ಟ್ಸ್ ಅದಕ್ಕೆ ಸಮಕಾಲೀನವಾದುದು. ಅದನ್ನು ಕಟ್ಟಿದವರು ಯಾರೆಂದು ಯಾರಿಗೂ ತಿಳಿಯದು. ನಿಯಮದ ಪುಸ್ತಕದಲ್ಲಿ ಈ ನಾಟ್ಯಗಳ ನಕ್ಷೆಗಳಿವೆ. ಮೊದಲ ಸಲ ಅವನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ತಾಯಿಯ ರಂಗೋಲಿ ಪುಸ್ತಕ. ಅದೇ ಬಳುಕಿನ ಗೆರೆ, ಅದೇ ಮರುಕಳಿಸುವ ಸುಳಿ. ರಂಗೋಲಿಯಲ್ಲೂ ಚುಕ್ಕಿ ಎಲ್ಲರಿಗೂ ಒಂದೇ, ಎಳೆ ಎಲ್ಲರಿಗೂ ಒಂದೇ. ಆದರೂ ಬೀದಿಯಲ್ಲಿ ನಡೆದು ಹೋಗುವವರಿಗೆ ಇದು ಯಾರ ಮನೆಯ ಕೈ ಎಂದು ಗೊತ್ತಾಗಿಬಿಡುತ್ತದೆ. ಹೊಸದನ್ನು ಸೃಷ್ಟಿಸುವುದು ಒಂದು ಬಗೆಯ ಕಲೆ. ಕೊಟ್ಟದ್ದನ್ನು ಲೋಪವಿಲ್ಲದೆ ಎಳೆಯುವುದು ಇನ್ನೊಂದು ಬಗೆಯದು. ತಡವಾಗಿ ಬಂದವರಿಗೆ ಎರಡನೆಯದರಲ್ಲಿ ಒಂದಿಷ್ಟು ಜಾಗವಿದೆ.

ಈ ಕಲೆ ಒಲಿಂಪಿಕ್ ಕ್ರೀಡೆಗಳಿಗೆ ಸೇರಿದ್ದು 1976ರಲ್ಲಿ, ಇನ್ಸ್‌ಬ್ರೂಕ್ ನಗರದಲ್ಲಿ. ಅಲ್ಲಿ ಗೆದ್ದವರು ಸೋವಿಯತ್ ದೇಶದ ಲ್ಯುದ್ಮಿಲಾ ಪಾಖೊಮೊವಾ ಮತ್ತು ಅಲೆಕ್ಸಾಂಡರ್ ಗೋರ್ಷ್ಕೋವ್. ಆದರೆ ಲೋಕದ ಮನೆಮನೆಗೂ ಅದು ತಲುಪಿದ್ದು 1984ರ ಫೆಬ್ರುವರಿಯಲ್ಲಿ, ಸರಾಯೆವೊದಲ್ಲಿ ಜೇನ್ ಟಾರ್ವಿಲ್ ಮತ್ತು ಕ್ರಿಸ್ಟೋಫರ್ ಡೀನ್ ಅವರು ರವೆಲ್‌ನ ‘ಬೊಲೇರೊ’ ಸಂಗೀತಕ್ಕೆ ನರ್ತಿಸಿದಾಗ. ಕಲಾತ್ಮಕತೆಗಾಗಿ ಒಂಬತ್ತು ಮಂದಿ ತೀರ್ಪುಗಾರರೂ ಅವರಿಗೆ ಪೂರ್ಣಾಂಕ ಕೊಟ್ಟರು. ಆಕೆ ಹಿಂದೆ ವಿಮಾ ಕಚೇರಿಯ ಗುಮಾಸ್ತೆ, ಆತ ಪೊಲೀಸ್ ಪೇದೆ ಎಂಬುದನ್ನು ನಮ್ಮಂಥವರು ಆಗಾಗ ನೆನಪಿಸಿಕೊಳ್ಳುವುದುಂಟು. ಅವರು ಎಳೆಯ ವಯಸ್ಸಿನಿಂದಲೂ ಹಿಮದ ಮೇಲಿದ್ದವರು ಎಂಬುದನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ.

ವಯಸ್ಕರಾದ ಮೇಲೆ ಕಲಿಯುವವರಿಗೆಂದೇ ಅಮೆರಿಕದಲ್ಲಿ ಪ್ರತ್ಯೇಕ ವರ್ಗಗಳಿವೆ. ಅವರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1995ರಲ್ಲಿ, ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್‌ನಲ್ಲಿ. ಐಸ್ ಡ್ಯಾನ್ಸ್ ಹುಟ್ಟಿದ್ದೇ ಜೋಡಿಗಳಿಗಾಗಿ. ಆದರೆ ಕಲಿಯಲು ಬರುವ ಗಂಡಸರು ಕಡಿಮೆ, ಹೆಂಗಸರು ಹೆಚ್ಚು. ಆದ್ದರಿಂದ ಅದೇ ನಾಟ್ಯಗಳನ್ನು ಒಬ್ಬರೇ ನರ್ತಿಸುವ ಸ್ಪರ್ಧೆಗಳೂ ಬೆಳೆದಿವೆ. ನಾನು ಸೇರಿದ್ದು ಅಂಥದಕ್ಕೆ. ಇಬ್ಬರಿಗಾಗಿ ಹೆಣೆದ ನಾಟ್ಯವನ್ನು ಒಬ್ಬರೇ ಆಡುವಾಗ ಆಸರೆಗೆ ಹಿಡಿಯಲು ಇನ್ನೊಂದು ಕೈ ಇರುವುದಿಲ್ಲ. ತೂಕ ತಪ್ಪಿದರೆ ತಾನೇ ಸರಿಮಾಡಿಕೊಳ್ಳಬೇಕು.

ನನ್ನ ಗುರು ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವಳು. ಹಣ್ಣುಕಾಯಿ ತಟ್ಟೆ ಹಿಡಿದು, ತಲೆ ನರೆತ ವಿದ್ವಾಂಸರ ಮುಂದೆ ಕುಳಿತು ಸಂಗೀತ ಕಲಿತವಳು ನಾನು. ಇಪ್ಪತ್ತೈದರ ಹುಡುಗಿ ‘ಮೊಣಕಾಲು ಬಗ್ಗಿಸಿ, ಇನ್ನೂ ಬಗ್ಗಿಸಿ’ ಎಂದು ಗದರಿಸುವುದಕ್ಕೆ ಒಗ್ಗಿಕೊಳ್ಳಲು ನನಗೆ ಕೆಲವು ದಿನಗಳೇ ಬೇಕಾದವು. ಆದರೆ ವಿದ್ಯೆ ಇದ್ದ ಕಡೆ ವಯಸ್ಸನ್ನು ಕೇಳಬಾರದು ಎಂದು ನಮ್ಮ ಹಿರಿಯರೇ ಹೇಳಿದ್ದಾರಲ್ಲವೆ? ಬಾಲ್ಯದ ಆ ಸಂಗೀತ ಪಾಠ ಅನಿರೀಕ್ಷಿತವಾಗಿ ನೆರವಿಗೆ ಬಂತು. ಯುರೋಪಿಯನ್ ವಾಲ್ಟ್ಸ್ ನಿಮಿಷಕ್ಕೆ 135 ಎಣಿಕೆಯಲ್ಲಿ, ಮೂರು ಮೂರರ ಗಣಗಳಲ್ಲಿ ಓಡುತ್ತದೆ. ಉಳಿದವರು ‘ಒನ್, ಟೂ, ತ್ರೀ’ ಎಂದು ಎಣಿಸುತ್ತಿದ್ದರೆ ನಾನು ಬಾಯೊಳಗೇ ‘ತಕಿಟ, ತಕಿಟ’ ಎಂದುಕೊಳ್ಳುತ್ತಿದ್ದೆ. ತಿಶ್ರ ನಡೆಗೆ ದೇಶಭಾಷೆಗಳ ಹಂಗಿಲ್ಲ.

2017ರ ಚಳಿಗಾಲದಲ್ಲಿ ಅಭ್ಯಾಸದ ವೇಳೆ ಬಿದ್ದು ನನ್ನ ಎಡಗೈ ಮಣಿಕಟ್ಟು ಮುರಿಯಿತು. ಒಂದೇ ಕಾಲಿನ ಮೇಲೆ ಮುಂದಕ್ಕೆ ಸಾಗುತ್ತ, ಅದೇ ಕಾಲಿನ ಮೇಲೆ ಹಿಂದಕ್ಕೆ ತಿರುಗುವ ಒಂದು ವರಸೆಯಿದೆ. ಹಿಮದ ಮೇಲೆ ಅದು ಇಂಗ್ಲಿಷಿನ ಮೂರರ ಅಂಕಿಯಂತೆ ಗುರುತು ಬಿಡುವುದರಿಂದ ಅದಕ್ಕೆ ‘ತ್ರೀ ಟರ್ನ್’ ಎಂದೇ ಹೆಸರು. ಬಿದ್ದದ್ದು ಆ ತಿರುವಿನಲ್ಲಿ. ಮಣಿಕಟ್ಟಿಗೆ ಲೋಹದ ಪಟ್ಟಿ ಕೂರಿಸಿದರು. ಆಗ ನಡೆದ ಪರೀಕ್ಷೆಯಲ್ಲಿ ಎಲುಬುಗಳ ಸಾಂದ್ರತೆ ಕಡಿಮೆಯಾಗುತ್ತಿರುವುದೂ ತಿಳಿದುಬಂತು. ನನ್ನ ವಯಸ್ಸಿನ ಹೆಂಗಸರಲ್ಲಿ ಅದೇನೂ ಅಪರೂಪವಲ್ಲ. ಮೈಸೂರಿನಿಂದ ಅಮ್ಮ ಫೋನಿನಲ್ಲಿ, ‘ಸಾಕು ಕಣೇ, ಮೊಮ್ಮಕ್ಕಳನ್ನು ಆಡಿಸೋ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ತೋರಿಸೋಕೆ?’ ಎಂದಳು. ಮಗ ಏನೂ ಹೇಳಲಿಲ್ಲ. ಬೆಚ್ಚನೆಯ ಒಳಾಂಗಣದಲ್ಲಿ ಕುಳಿತು ಮಾಡಬಹುದಾದ ಹವ್ಯಾಸಗಳ ಪಟ್ಟಿಯೊಂದನ್ನು ಕಳುಹಿಸಿದ. ವೈದ್ಯರು ಮಾತ್ರ, ‘ನಡೆಯುವುದನ್ನು ಬಿಟ್ಟರೆ ಎಲುಬು ಇನ್ನೂ ಬೇಗ ಸವೆಯುತ್ತದೆ, ಬಿದ್ದರೆ ಮುರಿಯುತ್ತದೆ. ಎರಡೂ ನಿಜ. ನಿರ್ಧಾರ ನಿಮ್ಮದು’ ಎಂದರು. ಅಷ್ಟು ಪ್ರಾಮಾಣಿಕವಾದ ಸಲಹೆ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಎಂಟು ತಿಂಗಳ ನಂತರ ಮತ್ತೆ ಹಿಮದ ಮೇಲೆ ನಿಂತೆ. ಅಮ್ಮನ ಪ್ರಶ್ನೆ ಮಾತ್ರ ಜೊತೆಯಲ್ಲೇ ಬಂತು: ಇದೆಲ್ಲ ಯಾರಿಗೆ ತೋರಿಸುವುದಕ್ಕೆ?

ಲೇಕ್ ಪ್ಲಾಸಿಡ್ ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಅಡಿರಾಂಡಕ್ ಬೆಟ್ಟಗಳ ನಡುವೆ ಇರುವ ಪುಟ್ಟ ಊರು. ಜನಸಂಖ್ಯೆ ಎರಡು ಎರಡೂವರೆ ಸಾವಿರ. ಆದರೂ ಚಳಿಗಾಲದ ಒಲಿಂಪಿಕ್ಸ್ ಅಲ್ಲಿ ಎರಡು ಬಾರಿ, 1932ರಲ್ಲಿ ಮತ್ತು 1980ರಲ್ಲಿ, ನಡೆದಿದೆ. 1932ರ ಅಂಗಣದಲ್ಲೇ ನಾರ್ವೆಯ ಸೋನ್ಯಾ ಹೆನೀ ತನ್ನ ಮೂರು ಒಲಿಂಪಿಕ್ ಚಿನ್ನಗಳಲ್ಲಿ ಎರಡನೆಯದನ್ನು ಗೆದ್ದದ್ದು. ಬೇಸಿಗೆಯಲ್ಲಿ ಬೀದಿಯ ತುಂಬ ಹಸಿರು, ಕೆರೆಯ ಮೇಲೆ ದೋಣಿ, ಅರೆತೋಳಿನ ಅಂಗಿಯ ಪ್ರವಾಸಿಗರು. ಬಾಗಿಲು ದಾಟಿ ಒಳಹೊಕ್ಕರೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿರಿಸಿದ ಹಿಮ.

ಆ ಸ್ಪರ್ಧೆಯ ವಿಶೇಷವೆಂದರೆ ಅಲ್ಲಿ ಎಲ್ಲ ಅಂತಸ್ತಿನವರೂ ಒಂದೇ ಸೂರಿನಡಿ ಸೇರುವುದು. ದೇಶದೇಶಗಳ ಹೆಸರಾಂತ ಜೋಡಿಗಳು ಮುಂದಿನ ಋತುವಿನ ಹೊಸ ನಾಟ್ಯಗಳನ್ನು ಮೊದಲಬಾರಿಗೆ ಪರೀಕ್ಷೆಗೊಡ್ಡಲು ಬರುತ್ತವೆ. ಹತ್ತು ವರ್ಷದ ಮಕ್ಕಳು ಬರುತ್ತಾರೆ. ಅವರ ನಡುವೆ ನಾವು: ಗ್ರಂಥಪಾಲಕಿ, ದಂತವೈದ್ಯೆ, ಮೊಣಕಾಲಿನ ಕೀಲು ಬದಲಾಯಿಸಿಕೊಂಡ ನಿವೃತ್ತ ಶಿಕ್ಷಕಿ. ಓಣಿಯಲ್ಲಿ ಲೇಸು ಬಿಗಿದುಕೊಳ್ಳುತ್ತ ಕುಳಿತಿದ್ದಾಗ ಪಕ್ಕದಲ್ಲೇ ಅಂತರರಾಷ್ಟ್ರೀಯ ಮಟ್ಟದ ಹುಡುಗಿಯೊಬ್ಬಳು ಅದೇ ಬಗೆಯ ಲೇಸನ್ನು ಅದೇ ರೀತಿ ಬಿಗಿದುಕೊಳ್ಳುತ್ತಿದ್ದಳು. ಅವಳ ಕೈಯೂ ನಡುಗುತ್ತಿತ್ತು. ನನಗೆ ಸಮಾಧಾನವೂ ಆಯಿತು, ಗಾಬರಿಯೂ ಆಯಿತು.

ನಮ್ಮ ಗುಂಪಿನಲ್ಲಿ ಆರು ಮಂದಿ. ಕೆಲವೇ ನಿಮಿಷಗಳ ತಾಲೀಮು, ಅನಂತರ ಒಬ್ಬೊಬ್ಬರಾಗಿ. ಮೊದಲು ಫೋರ್ಟೀನ್‌ಸ್ಟೆಪ್, ಅದು ನಡಿಗೆಯ ಲಯದ್ದು, ಹೇಗೋ ದಾಟಿತು. ಎರಡನೆಯದು ಯುರೋಪಿಯನ್ ವಾಲ್ಟ್ಸ್. ಅದರ ತುಂಬ ಆ ಮೂರರ ತಿರುವುಗಳೇ. ಅರ್ಧಚಂದ್ರಗಳ ಸಾಲಿನಂತೆ ಅಂಗಣದ ಸುತ್ತ ಮತ್ತೆ ಮತ್ತೆ ಬರುತ್ತವೆ. ಧ್ವನಿವರ್ಧಕದಲ್ಲಿ ನನ್ನ ಹೆಸರನ್ನು ಅವರಿಗೆ ಬಂದಂತೆ ಉಚ್ಚರಿಸಿದರು. ಖಾಲಿ ಅಂಗಣದ ನಡುವೆ ಹೋಗಿ ನಿಂತಾಗ, ಅಷ್ಟು ವಿಶಾಲವಾದ ಬಿಳುಪಿನಲ್ಲಿ ನಾನೊಬ್ಬಳೇ ಚುಕ್ಕಿ. ಸಂಗೀತ ಹೊರಟಿತು. ಮೊದಲ ತಿರುವು ಬರುವ ಮುನ್ನ ಎಡಗೈಯೊಳಗಿನ ಲೋಹ ತಣ್ಣಗೆ ಕೊರೆದಂತೆ ಭಾಸವಾಯಿತು. ಆ ಗಳಿಗೆಯಲ್ಲಿ ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂದದ್ದು ತಾಳ. ತಕಿಟದ ಎಣಿಕೆ ನಿಲ್ಲುವುದಿಲ್ಲ, ಹೆಜ್ಜೆ ಅಲ್ಲಿರಲೇಬೇಕು. ಹೆದರಿಕೊಂಡು ಕೂರಲು ಅದರಲ್ಲಿ ಬಿಡುವೇ ಇಲ್ಲ. ತಿರುಗಿದೆ. ಮತ್ತೆ ತಿರುಗಿದೆ. ಎರಡನೆಯ ಸುತ್ತಿನಲ್ಲಿ ಒಂದು ಕಡೆ ಅಂಚು ಸಪ್ಪಗಾಗಿ ಕಾಲು ಅಲುಗಿತು, ಬೀಳಲಿಲ್ಲ. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲ ಮುಗಿದಿತ್ತು. ಆರು ಮಂದಿಯಲ್ಲಿ ನಾನು ನಾಲ್ಕನೆಯವಳು.

ಅಂದು ನನಗೆ ಅತ್ಯಂತ ಮುಖ್ಯವೆನಿಸಿದ್ದು ಅನಂತರ ಕೈಗೆ ಬಂದ ಅಂಕಪಟ್ಟಿ. ಸ್ಕೇಟಿಂಗ್ ಕೌಶಲ, ಪ್ರದರ್ಶನ, ಭಾವ, ತಾಳ ಎಂದು ಅದರಲ್ಲಿ ಸಾಲುಗಳಿದ್ದವು. ತಾಳಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಅಂಕ. ಮೈಸೂರಿನ ನನ್ನ ವಿದ್ವಾಂಸರಿಗೆ ಅದು ಸಲ್ಲಬೇಕು. ಕೌಶಲಕ್ಕೆ ಹತ್ತಕ್ಕೆ ಎರಡೂ ಮುಕ್ಕಾಲು. ಶಾಲೆಯಲ್ಲಿ ಇಂಥ ಅಂಕ ತಂದಿದ್ದರೆ ನಮ್ಮ ತಂದೆ ರುಜು ಹಾಕಲು ಒಪ್ಪುತ್ತಿರಲಿಲ್ಲ. ಆದರೆ ಆ ಹತ್ತು ಎಂಬುದು ನನ್ನಂಥವರಿಗಾಗಿ ಬೇರೆ ಮಾಡಿದ ಹತ್ತಲ್ಲ. ಲೋಕದ ಚಾಂಪಿಯನ್ನರನ್ನು ಅಳೆಯುವ ಹತ್ತೇ ಅದು. ಆ ಅಳತೆಗೋಲಿನಲ್ಲಿ ನನ್ನ ಅಂಚು ಎಷ್ಟು ಆಳ ಎಂದು ಮೂರನೆಯವರೊಬ್ಬರು ಗಮನವಿಟ್ಟು ನೋಡಿ, ಎರಡೂ ಮುಕ್ಕಾಲು ಎಂದು ಬರೆದಿದ್ದರು.

ಕೇಳುಗರೆ, ವಯಸ್ಸಾಗುತ್ತಿರುವವರಿಗೆ, ಅದರಲ್ಲೂ ಹೆಂಗಸರಿಗೆ, ಸಮಾಜ ಎರಡು ವಸ್ತುಗಳನ್ನು ಧಾರಾಳವಾಗಿ ಕೊಡುತ್ತದೆ: ಗೌರವ ಮತ್ತು ರಿಯಾಯಿತಿ. ‘ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ಮಾಡುತ್ತೀರಿ’ ಎಂಬ ಮಾತು ಕೇಳಲು ಹಿತ. ಆದರೆ ಅದನ್ನಾಡುವವರು ನಾವು ಮಾಡಿದ್ದನ್ನು ನೋಡಿರುವುದಿಲ್ಲ, ನಮ್ಮ ವಯಸ್ಸನ್ನು ಮಾತ್ರ ನೋಡಿರುತ್ತಾರೆ. ಅಳತೆಗೆ ಒಳಗಾಗುವುದೆಂದರೆ ಇನ್ನೂ ಬೆಳೆಯಬಲ್ಲೆವೆಂದು ಪರಿಗಣಿತರಾಗುವುದು. ಎರಡೂ ಮುಕ್ಕಾಲು ಮೂರಾಗಬಹುದು. ಬರಿಯ ಚಪ್ಪಾಳೆ ಏನೂ ಆಗಲಾರದು.

ಅಮ್ಮನ ಪ್ರಶ್ನೆಗೆ ನನಗೆ ದೊರೆತ ಉತ್ತರ ಇಷ್ಟೇ. ತೋರಿಸುವುದು, ನೋಡಬಲ್ಲವರಿಗೆ, ತಪ್ಪನ್ನು ತಪ್ಪೆಂದು ಹೇಳುವ ಸೌಜನ್ಯವುಳ್ಳವರಿಗೆ. ನಮ್ಮ ಊರುಗಳಲ್ಲಿ ಐವತ್ತರ ನಂತರ ವೀಣೆ ಹಿಡಿಯಬೇಕೆಂದು, ಸಂಸ್ಕೃತ ಕಲಿಯಬೇಕೆಂದು, ಈಜಬೇಕೆಂದು ಆಸೆಪಟ್ಟು ಸುಮ್ಮನಾಗುವವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಪ್ರೋತ್ಸಾಹ ಕೊಡುವವರು ಸಿಕ್ಕಾರು. ಅದಕ್ಕಿಂತ ಹೆಚ್ಚಾಗಿ ಬೇಕಾದವರು ಶ್ರುತಿ ತಪ್ಪಿದಾಗ ‘ತಪ್ಪಿತು, ಇನ್ನೊಮ್ಮೆ’ ಎನ್ನುವ ಗುರುಗಳು. ನಿಮ್ಮ ಮನೆಯಲ್ಲಿ ಅಂಥ ತಡವಾದ ವಿದ್ಯಾರ್ಥಿಯೊಬ್ಬರು ಇದ್ದರೆ, ದಯವಿಟ್ಟು ಅವರಿಗೆ ರಿಯಾಯಿತಿ ಕೊಡಬೇಡಿ. ಕುಳಿತು ಪೂರ್ತಿಯಾಗಿ ಕೇಳಿ, ಆಮೇಲೆ ನಿಜ ಹೇಳಿ.