ಗೋಡೆ ಕೆಡವುವ ಗಣಿತ



ಸಿನಿಮಾದಲ್ಲಿ ಗುಂಡು ಬಡಿದು ಗೋಡೆ ಕುಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಕಂಪ್ಯೂಟರಿನ ಗೋಡೆಯನ್ನು ಸಾಮಾನ್ಯವಾಗಿ ಮೊದಲೇ ಒಡೆದಿಟ್ಟಿರುತ್ತಾರೆ. ಅದರೊಳಗೆ ಚುಕ್ಕಿಗಳನ್ನು ಚೆಲ್ಲುತ್ತಾರೆ. ಯಾವ ಜಾಗ ಯಾವ ಚುಕ್ಕಿಗೆ ಹತ್ತಿರವೋ ಅದು ಆ ಚುಕ್ಕಿಯ ಪಾಲು. ಒಂದೊಂದು ಪಾಲೂ ಒಂದೊಂದು ಚೂರು. ಗಣಿತಜ್ಞ ಜಾರ್ಜಿ ವೊರೊನೊಯ್ 1908ರಲ್ಲಿ ಇದರ ಬಗ್ಗೆ ಬರೆದಾಗ ಇಂದಿನ ಕಂಪ್ಯೂಟರ್ ಹುಟ್ಟಿಯೇ ಇರಲಿಲ್ಲ! ಪೆಟ್ಟು ಬೀಳುವಲ್ಲಿ ಚುಕ್ಕಿಗಳು ದಟ್ಟವಾಗಿದ್ದರೆ ಅಲ್ಲಿ ಪುಡಿ, ದೂರದಲ್ಲಿ ದೊಡ್ಡ ತುಂಡು. ಕಲ್ಲು, ಕಾಂಕ್ರೀಟಿಗೆ ಇದು ಒಪ್ಪುತ್ತದೆ. ಮರಕ್ಕೆ ಒಪ್ಪದು, ಮರ ಎಳೆಯ ಉದ್ದಕ್ಕೆ ಸೀಳುತ್ತದೆ.

ಕಷ್ಟವಿರುವುದು ಒಡೆಯುವ ತನಕ ಹಿಡಿದಿಡುವುದರಲ್ಲಿ. ಚೂರುಗಳ ನಡುವೆ ಕಾಣದ ಬೆಸುಗೆ ಹಾಕಿ, ಇಷ್ಟು ಬಲ ಮೀರಿದರೆ ಮಾತ್ರ ಬಿಡಬೇಕೆಂದು ಮಿತಿ ಕೊಡಬೇಕು. ಮಿತಿ ತೀರಾ ಕಡಿಮೆಯಾದರೆ ಯಾರೂ ಮುಟ್ಟದೆಯೇ ಗೋಡೆ ಕುಸಿಯುತ್ತದೆ. ಹೆಚ್ಚಾದರೆ ಗುಂಡೇ ಹಿಂದಕ್ಕೆ ಪುಟಿಯುತ್ತದೆ. ಚೂರಿನ ತೂಕವೂ ಗಾತ್ರಕ್ಕೆ ತಕ್ಕಂತಿರಬೇಕು, ಇಲ್ಲವಾದರೆ ಕಾಂಕ್ರೀಟು ಥರ್ಮಾಕೋಲಿನಂತೆ ಹಾರುತ್ತದೆ.

ಸಾಲ ಮಾಡಿ ಮಕ್ಕಳನ್ನು ಆನಿಮೇಶನ್ ಕೋರ್ಸಿಗೆ ಸೇರಿಸುವ ತಂದೆತಾಯಂದಿರಿದ್ದಾರೆ, ಅದಕ್ಕೇ ಇಷ್ಟು ಹೇಳಿದೆ. ಬ್ಲೆಂಡರ್ ಎಂಬ ತಂತ್ರಾಂಶ ಉಚಿತ. 2002ರಿಂದ ಅದರ ಮೂಲಸಂಕೇತವೂ ಮುಕ್ತ. ಶುಲ್ಕ ಕಟ್ಟುವ ಮುನ್ನ ಅದರಲ್ಲಿ ಒಂದು ಗೋಡೆ ಕಟ್ಟಿ, ಕೆಡವಿ ನೋಡಿ. ಭೌತಶಾಸ್ತ್ರದ ಪಠ್ಯಪುಸ್ತಕ ಪಕ್ಕದಲ್ಲಿರಲಿ.